ಅಪ್ಪ ಯಾವ ಮಾತ್ರೆ ತಗೊಳ್ತಾರೆ ಅಂತ ಪಕ್ಕದ ಮನೆಯವರಿಗೆ ಗೊತ್ತಾಗೋದು ಹೇಗೆ?

ಪ್ರಶ್ನೆ: ನಮ್ಮ ಅಪ್ಪ–ಅಮ್ಮ ಸಾಗರದಲ್ಲಿ ಇಬ್ಬರೇ ಇದ್ದಾರೆ. ನಾನು ಡಬ್ಲಿನ್‌ನಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿ. ಅಪ್ಪನಿಗೆ 74 ವರ್ಷ. 2017ರಲ್ಲಿ ಹೃದಯದ ವಾಲ್ವ್ ಬದಲಾಯಿಸಿದ್ದಾರೆ, ಅಂದಿನಿಂದ ಅಸಿಟ್ರೋಮ್ ಮಾತ್ರೆ ನಡೆಯುತ್ತಿದೆ. ಶುಗರ್‌ಗೂ ಮಾತ್ರೆ ಇದೆ. ಅಮ್ಮನಿಗೆ ಅಸ್ತಮಾ, ಜೊತೆಗೆ ಸಲ್ಫಾ ಮಾತ್ರೆ ಆಗಿಬರುವುದಿಲ್ಲ. ಹೋದ ತಿಂಗಳು ಅಮ್ಮ ಮದುವೆಗೆಂದು ಊರಿಗೆ ಹೋಗಿದ್ದಾಗ ಅಪ್ಪ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಪಕ್ಕದ ಮನೆಯವರು ಬಾಗಿಲು ಒಡೆದು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಡಾಕ್ಟರು ಏನು ಕೇಳಿದರೂ ಪಾಪ ಅವರಿಗೆ ಉತ್ತರ ಗೊತ್ತಿರಲಿಲ್ಲ. ನಾನು ಎಲ್ಲ ರಿಪೋರ್ಟ್‌ಗಳನ್ನೂ ಗೂಗಲ್ ಡ್ರೈವ್‌ನಲ್ಲಿ ಜೋಡಿಸಿಟ್ಟಿದ್ದೆ. ಆದರೆ ಆಗ ಇಲ್ಲಿ ನಡುರಾತ್ರಿ, ನನ್ನ ಫೋನ್ ಸೈಲೆಂಟ್‌ನಲ್ಲಿತ್ತು. ಈಗ ಸರ್ಕಾರದ ಡಿಜಿಟಲ್ ಆರೋಗ್ಯ ಗುರುತು, ಆಭಾ ಕಾರ್ಡ್ ಮಾಡಿಸಲಾ? ಕ್ಯೂಆರ್ ಕೋಡ್ ಇರುವ ಕೈಪಟ್ಟಿಯ ಜಾಹೀರಾತು ನೋಡಿದೆ, ಅದು ತರಿಸಲಾ? ಕಾಯಿಲೆಯನ್ನೆಲ್ಲ ಬರೆದು ಗೋಡೆಗೆ ಅಂಟಿಸುವುದು ಅಪ್ಪನಿಗೆ ಸುತಾರಾಂ ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನೀವು ಕೇಳದೇ ಇರುವ ಒಂದು ವಿಷಯ. ಬಿದ್ದಾಗ ಅಪ್ಪನ ತಲೆಗೆ ಪೆಟ್ಟಾಗಿತ್ತಾ? ತಲೆಯ ಸಿ.ಟಿ. ಸ್ಕ್ಯಾನ್ ಮಾಡಿದ್ದರಾ? ಅಸಿಟ್ರೋಮ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಇದನ್ನು ತೆಗೆದುಕೊಳ್ಳುವವರ ತಲೆಗೆ ಏಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಸ್ಕ್ಯಾನ್ ಮಾಡಿಸುತ್ತೇವೆ. ಕೆಲವರಲ್ಲಿ ಮೆದುಳಿನ ಮೇಲೆ ರಕ್ತ ಬಹಳ ನಿಧಾನವಾಗಿ ಸೇರಿಕೊಳ್ಳುತ್ತದೆ. ಎರಡು ಮೂರು ವಾರ, ಕೆಲವೊಮ್ಮೆ ಇನ್ನೂ ತಡವಾಗಿ ತಲೆನೋವು, ಮಂಪರು, ನಡೆಯುವಾಗ ವಾಲುವುದು, ಮಾತಿನಲ್ಲಿ ಗೊಂದಲ ಶುರುವಾಗುತ್ತದೆ. ಮನೆಯವರು ‘ವಯಸ್ಸಾಯ್ತಲ್ಲ’ ಅಂದುಕೊಂಡು ಸುಮ್ಮನಾಗುತ್ತಾರೆ. ಇಂಥದ್ದೇನಾದರೂ ಕಂಡಿದ್ದರೆ ಮುಂದಿನದನ್ನು ಆಮೇಲೆ ಓದಿ. ಇವತ್ತೇ ಅವರನ್ನು ಡಾಕ್ಟರಿಗೆ ತೋರಿಸಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಅಷ್ಟು ಶ್ರದ್ಧೆಯಿಂದ ಕಡತ ಜೋಡಿಸಿಟ್ಟಿದ್ದು ಡಾಕ್ಟರಿಗಾಗಿ. ಆ ಬೆಳಿಗ್ಗೆ ಅದು ಬೇಕಾಗಿದ್ದು ಪಕ್ಕದ ಮನೆಯವರಿಗೆ. ಅವರಿಗೆ ನಿಮ್ಮ ಗೂಗಲ್ ಡ್ರೈವ್ ಇದೆ ಅಂತಲೇ ಗೊತ್ತಿಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೂತು ನಾನು ಮತ್ತೆ ಮತ್ತೆ ನೋಡುವ ತೊಂದರೆ ಇದೇ. ಮಾಹಿತಿ ಎಲ್ಲೋ ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ರೋಗಿಯನ್ನು ಕರೆತಂದವರ ಕೈಯಲ್ಲಿ ಮಾತ್ರ ಇರುವುದಿಲ್ಲ.

ಅಪ್ಪ ಬಿದ್ದ ದಿನದ ದಾರಿಯನ್ನು ಒಮ್ಮೆ ಯೋಚಿಸಿ. ಮೊದಲು ಬರುವವರು ಪಕ್ಕದ ಮನೆಯವರು, ಹಾಲಿನವನು, ಕೆಲಸಕ್ಕೆ ಬರುವವರು, ಇಲ್ಲವೇ ದಾರಿಯಲ್ಲಾದರೆ ಯಾರೋ ಆಟೋದವರು. ಆಮೇಲೆ 108. ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ 108 ಶುರುವಾಗಿದ್ದು 2008ರ ನವೆಂಬರ್ 1ರಂದು. ಅದರಲ್ಲಿ ಒಬ್ಬ ಪೈಲಟ್ (ಅಂದರೆ ಚಾಲಕ), ಒಬ್ಬ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಇರುತ್ತಾರೆ. ಇಎಂಟಿ ಹತ್ತಿರ ಬಿ.ಪಿ. ನೋಡುವ, ಶುಗರ್ ನೋಡುವ ಯಂತ್ರ ಇರುತ್ತದೆ, ಆಕ್ಸಿಜನ್ ಇರುತ್ತದೆ. ನಲವತ್ತು ಪುಟದ ಫೈಲ್ ಓದಲು ಸಮಯ ಇರುವುದಿಲ್ಲ. ಆಮೇಲೆ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದ್ದಾದರೆ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗ, ಮೆಗ್ಗಾನ್ ಆಸ್ಪತ್ರೆಯೋ ಇನ್ನೊಂದೋ. ಪ್ರತಿ ಜಾಗದಲ್ಲೂ ಕೇಳುವುದು ಅದೇ ನಾಲ್ಕು ಪ್ರಶ್ನೆ: ಏನಾಯಿತು, ಯಾವಾಗ ಆಯಿತು, ಏನು ಕಾಯಿಲೆ ಇದೆ, ಯಾವ ಮಾತ್ರೆ ನಡೆಯುತ್ತಿದೆ. ಪ್ರತಿ ಸಲ ಕೈ ಬದಲಾದಾಗಲೂ ಉತ್ತರ ಸ್ವಲ್ಪ ಸವೆಯುತ್ತದೆ. ಸಾಗರದಲ್ಲಿ ‘ವಾಲ್ವ್ ಆಪರೇಷನ್ ಆಗಿದೆ’ ಎಂದಿದ್ದು ಶಿವಮೊಗ್ಗ ತಲುಪುವಾಗ ‘ಹಾರ್ಟ್ ಪ್ರಾಬ್ಲಂ ಇದೆಯಂತೆ’ ಆಗಿರುತ್ತದೆ.

ಕರೆತಂದವರು ಅಲ್ಲೇ ನಿಲ್ಲುತ್ತಾರೆ ಅನ್ನುವ ಖಾತ್ರಿಯೂ ಇಲ್ಲ. ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ರಕ್ಷಣೆ ಕೊಡುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ತಮ್ಮ ಹೆಸರನ್ನೂ ಹೇಳದೆ ಅವರು ಹೊರಟುಹೋಗಬಹುದು. ಒಳ್ಳೆಯ ಕಾನೂನು. ಆದರೆ ರೋಗಿಯ ಬಗ್ಗೆ ಹೇಳುವವರು ಯಾರೂ ಉಳಿಯದ ಸಂದರ್ಭ ಬರಬಹುದು ಅಲ್ವಾ? ಹಾಗಾಗಿ ಮಾಹಿತಿ ಅಪ್ಪನ ಮೈಮೇಲೆ, ಅಪ್ಪನ ಜೊತೆಗೇ ಹೋಗಬೇಕು.

ಅದಕ್ಕೆ ನನ್ನ ಸಲಹೆ ಒಂದು ಚೀಟಿ. ಹೌದು, ಕಾಗದದ ಚೀಟಿ. ಒಂದು ಮುಖದಲ್ಲಿ ಮುಗಿಯಬೇಕು, ಕನ್ನಡಕ ಇಲ್ಲದವರಿಗೂ ಕಾಣುವಷ್ಟು ದಪ್ಪಕ್ಷರ ಇರಬೇಕು. ವಾಕ್ಯಗಳು ಕನ್ನಡದಲ್ಲಿರಲಿ, ಏಕೆಂದರೆ ಮೊದಲು ಓದುವವರು ಪಕ್ಕದ ಮನೆಯವರು. ಕಾಯಿಲೆ ಮತ್ತು ಮಾತ್ರೆಗಳ ಹೆಸರು ಇಂಗ್ಲಿಷ್ ದೊಡ್ಡ ಅಕ್ಷರದಲ್ಲೂ ಇರಲಿ. ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಕನ್ನಡ ಓದಲು ಬರದೇ ಇರಬಹುದು. ಮಾತ್ರೆಯ ಕಂಪನಿ ಹೆಸರಿನ ಜೊತೆ ಅದರ ಒಳಗಿನ ಔಷಧಿಯ ಹೆಸರನ್ನೂ ಬರೆಯಿರಿ. ಇವತ್ತು ಒಂದು ಕಂಪನಿಯದು ಸಿಗುತ್ತದೆ, ನಾಳೆ ಜನೌಷಧಿ ಅಂಗಡಿಯಲ್ಲಿ ಬೇರೆ ಹೆಸರಿನದು ಸಿಗುತ್ತದೆ. ಒಳಗಿರುವ ಔಷಧಿ ಒಂದೇ.

ಅಪ್ಪನ ಚೀಟಿ ಹೆಚ್ಚು ಕಡಿಮೆ ಹೀಗಿರಬಹುದು:

‘ಹೃದಯದಲ್ಲಿ ಕೃತಕ ವಾಲ್ವ್ ಇದೆ, 2017. ರಕ್ತ ತೆಳು ಮಾಡುವ ಮಾತ್ರೆ: ಅಸಿನೊಕೊಮರಾಲ್ (ಅಸಿಟ್ರೋಮ್). ಡೋಸ್ ಮತ್ತು ಐ.ಎನ್.ಆರ್. ಪುಸ್ತಕದಲ್ಲಿದೆ. ತಲೆಗೆ ಏಟಾದರೆ ಸಿ.ಟಿ. ಬೇಕು. ಸೊಂಟಕ್ಕೆ, ತೋಳಿಗೆ ನೋವಿನ ಇಂಜೆಕ್ಷನ್ ಬೇಡ. ಸಕ್ಕರೆ ಕಾಯಿಲೆ: ಇಂಥ ಇಂಥ ಮಾತ್ರೆ. ತಪ್ಪಾಗಿ ಮಾತಾಡಿದರೆ, ಬೆವರಿದರೆ ಮೊದಲು ಶುಗರ್ ನೋಡಿ. ಔಷಧಿ ಅಲರ್ಜಿ: ಇಲ್ಲ. ಕರೆ ಮಾಡಿ: ಮೊದಲು ಪಕ್ಕದ ಮನೆ, ಆಮೇಲೆ ಬೆಂಗಳೂರಿನ ಮಗ, ಆಮೇಲೆ ಡಬ್ಲಿನ್ ನಂಬರ್ (ವಾಟ್ಸ್ಯಾಪ್), ಕೊನೆಗೆ ನೋಡುವ ಡಾಕ್ಟರು. ತಿದ್ದಿದ ದಿನಾಂಕ.’

ಇಷ್ಟೇ ಸಾಕಾ ಅನ್ನಿಸಬಹುದು. ಮೊದಲ ಅರ್ಧ ಗಂಟೆಗೆ ಸಾಕು. ಪ್ರತಿ ಸಾಲೂ ಯಾಕೆ ಅಲ್ಲಿದೆ ಅಂತ ಹೇಳುತ್ತೇನೆ. ಆಗ ಬೇರೆ ಕಾಯಿಲೆ ಇರುವವರೂ ತಮ್ಮ ಚೀಟಿಯನ್ನು ತಾವೇ ಬರೆದುಕೊಳ್ಳಬಹುದು.

ಅಸಿಟ್ರೋಮ್ ಎಲ್ಲಕ್ಕಿಂತ ಮೇಲಿರಲಿ. ಅದೊಂದು ಪದ ಗೊತ್ತಾದರೆ ಡಾಕ್ಟರ ಯೋಚನೆಯ ದಿಕ್ಕೇ ಬದಲಾಗುತ್ತದೆ. ನಮ್ಮ ಕಡೆ ಯಾರಾದರೂ ಬಿದ್ದು ನೋವು ಅಂದ ಕೂಡಲೇ ಸೊಂಟಕ್ಕೊಂದು ನೋವಿನ ಇಂಜೆಕ್ಷನ್ ಬೀಳುತ್ತದೆ. ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವವರಿಗೆ ಆ ಸೂಜಿ ಚುಚ್ಚಿದ ಜಾಗದಲ್ಲೇ ಮಾಂಸದೊಳಗೆ ರಕ್ತ ತುಂಬಿಕೊಳ್ಳಬಹುದು. ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿಯಿಂದ ಹೊಟ್ಟೆಯಲ್ಲೂ ರಕ್ತಸ್ರಾವ ಆಗಬಹುದು. ಇನ್ನು ಎದೆನೋವು ಬಂತು ಅನ್ನಿ. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ನೋಡಿ, ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುತ್ತಾರೆ. ಜೀವ ಉಳಿಸುವ ಔಷಧಿ ಅದು. ಆದರೆ ಮೊದಲೇ ಅಸಿಟ್ರೋಮ್‌ನಲ್ಲಿರುವವರಿಗೆ ಕೊಡುವ ಮುಂಚೆ ಡಾಕ್ಟರು ಎರಡು ಸಲ ಯೋಚಿಸಬೇಕು. ಪಾರ್ಶ್ವವಾಯು ಆದಾಗಲೂ ಅಷ್ಟೇ. ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಬಂದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಪರೀಕ್ಷೆಯ ಅಂಕಿ, ಐ.ಎನ್.ಆರ್., 1.7 ದಾಟಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಹಾಗಂತ ಚೀಟಿಯಲ್ಲಿ ಡೋಸ್ ಬರೆಯಬೇಡಿ. ಅಸಿಟ್ರೋಮ್ ಡೋಸ್ ರಕ್ತ ಪರೀಕ್ಷೆ ನೋಡಿ ಆಗಾಗ ಬದಲಾಗುತ್ತದೆ. ಚೀಟಿಯಲ್ಲಿ ಹಳೆಯದು ಉಳಿದು, ಯಾರೋ ಅದನ್ನೇ ನಂಬಿ ಕೊಟ್ಟರೆ ಅಪಾಯ. ಐ.ಎನ್.ಆರ್. ಬರೆದಿಡುವ ಪುಸ್ತಕ ಇದೆಯಲ್ಲ, ಅದು ಎಲ್ಲಿದೆ ಅಂತ ಬರೆದರೆ ಸಾಕು. ‘ಕೃತಕ ವಾಲ್ವ್’ ಅನ್ನುವುದನ್ನು ಮಾತ್ರ ಬಿಡಬೇಡಿ. ರಕ್ತ ತೆಳು ಮಾಡುವ ಮಾತ್ರೆ ಅಂತಷ್ಟೇ ಗೊತ್ತಾದರೆ, ಯಾರೋ ಅದನ್ನು ಹೆದರಿ ದಿನಗಟ್ಟಲೆ ನಿಲ್ಲಿಸಬಹುದು. ಆಗ ವಾಲ್ವ್‌ನಲ್ಲಿ ಹೆಪ್ಪುಗಟ್ಟುವ ಭಯ. ಎರಡೂ ಮಾತು ಒಟ್ಟಿಗೆ ಕಂಡರೆ ಡಾಕ್ಟರು ತೂಗಿ ನೋಡುತ್ತಾರೆ. ವಾಲ್ವ್ ಹಾಕಿದ ಆಸ್ಪತ್ರೆಯಲ್ಲಿ ಒಂದು ಸಣ್ಣ ಕಾರ್ಡ್ ಕೊಟ್ಟಿರುತ್ತಾರೆ, ಕಂಪನಿ ಮತ್ತು ನಂಬರ್ ಇರುವುದು. ಅದರ ಜೆರಾಕ್ಸ್ ಚೀಟಿಯ ಹಿಂದೆ ಇರಲಿ. ಪೇಸ್‌ಮೇಕರ್ ಇರುವವರಿಗೂ ಇದೇ ಮಾತು. ಎಂ.ಆರ್.ಐ. ಮಾಡಬಹುದಾ ಇಲ್ಲವಾ ಅನ್ನುವುದು ಆ ನಂಬರ್ ನೋಡಿಯೇ ಗೊತ್ತಾಗಬೇಕು.

ಶುಗರ್ ಸಾಲು ಯಾಕೆ? ಸಕ್ಕರೆ ತೀರಾ ಇಳಿದಾಗ ಮನುಷ್ಯ ಬೆವರುತ್ತಾನೆ, ತೊದಲುತ್ತಾನೆ, ತಲೆಬುಡ ಇಲ್ಲದೆ ಮಾತಾಡುತ್ತಾನೆ. ಕೆಲವರಿಗೆ ಒಂದು ಕಡೆ ಕೈಕಾಲು ಕೂಡ ಸೋಲುತ್ತದೆ. ನೋಡಿದವರು ‘ಲಕ್ವ ಹೊಡೆದಿದೆ’ ಅಂತಾರೆ. ರಸ್ತೆಯಲ್ಲಾದರೆ ‘ಕುಡಿದಿದ್ದಾನೆ’ ಅಂತ ಪಕ್ಕಕ್ಕೆ ಕೂರಿಸಿ ಹೋಗುತ್ತಾರೆ. ಬೆರಳು ಚುಚ್ಚಿ ನೋಡಿದರೆ ಒಂದೇ ನಿಮಿಷದಲ್ಲಿ ವಿಷಯ ಗೊತ್ತಾಗುತ್ತದೆ. ನಿಮ್ಮ ಅಪ್ಪನ ಮಾತ್ರೆಯಲ್ಲಿ ಗ್ಲಿಮಿಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಇದೆಯಾ ನೋಡಿ. ಇದ್ದರೆ ಹೆಸರು ಬರೆಯಲೇಬೇಕು. ಇವುಗಳಿಂದ ಇಳಿದ ಸಕ್ಕರೆ ಗ್ಲೂಕೋಸ್ ಕೊಟ್ಟಾಗ ಏರಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಇಳಿಯುತ್ತದೆ. ಹೆಸರು ಗೊತ್ತಿದ್ದರೆ ನಾವು ಅವರನ್ನು ಮನೆಗೆ ಕಳಿಸದೆ ಇಟ್ಟುಕೊಂಡು ನೋಡುತ್ತೇವೆ. ಪಕ್ಕದ ಮನೆಯವರಿಗೆ ಇನ್ನೊಂದು ಮಾತು ಬಾಯಲ್ಲೇ ಹೇಳಿಡಿ: ಎಚ್ಚರ ಇದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕೊಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಅಲರ್ಜಿ ವಿಷಯದಲ್ಲಿ ನಮ್ಮ ಜನರದ್ದು ಒಂದು ವಿಚಿತ್ರ ಇದೆ. ‘ಆ ಮಾತ್ರೆ ಹೀಟು’, ‘ಆ ಇಂಜೆಕ್ಷನ್ ನನಗೆ ಆಗಲ್ಲ’ ಅಂತಾರೆ. ವಿಚಾರಿಸಿದರೆ ಹೊಟ್ಟೆ ಉರಿದಿರುತ್ತದೆ, ಇಲ್ಲವೇ ಒಮ್ಮೆ ವಾಂತಿ ಆಗಿರುತ್ತದೆ. ಅದು ಅಲರ್ಜಿ ಅಲ್ಲ. ಅದನ್ನೂ ಅಲರ್ಜಿ ಅಂತ ಬರೆದರೆ ತುರ್ತಿನಲ್ಲಿ ಒಳ್ಳೆಯ ಔಷಧಿಯೇ ಕೈತಪ್ಪುತ್ತದೆ. ಅಮ್ಮನ ಚೀಟಿಯಲ್ಲಿ ಸಲ್ಫಾ ಅಂತ ಬರೆದು, ಪಕ್ಕದಲ್ಲಿ ಆವತ್ತು ಏನಾಗಿತ್ತು ಅಂತ ಎರಡೇ ಪದ ಬರೆಯಿರಿ: ಮೈಯೆಲ್ಲ ದದ್ದು, ಇಲ್ಲವೇ ತುಟಿ ಊದಿ ಉಸಿರುಗಟ್ಟಿತು, ಇಲ್ಲವೇ ಬಾಯಿ ಹುಣ್ಣಾಗಿ ಚರ್ಮ ಸುಲಿಯಿತು. ಈ ಮೂರರ ತೂಕ ಬೇರೆ ಬೇರೆ. ಅಪ್ಪನಿಗೆ ಅಲರ್ಜಿ ಇಲ್ಲದಿದ್ದರೆ ‘ಇಲ್ಲ’ ಅಂತಲೇ ಬರೆಯಿರಿ. ಖಾಲಿ ಬಿಟ್ಟರೆ ಇಲ್ಲವೋ, ಮರೆತರೋ ಅಂತ ನಮಗೆ ತಿಳಿಯುವುದಿಲ್ಲ.

ರಕ್ತದ ಗುಂಪು ಬರೆದಿಲ್ಲವಲ್ಲ ಅಂತ ನೀವು ಹುಡುಕಿರಬಹುದು. ಡ್ರೈವಿಂಗ್ ಲೈಸೆನ್ಸ್, ಶಾಲೆಯ ಐಡಿ ಕಾರ್ಡ್ ಎಲ್ಲದರಲ್ಲೂ ಅದು ಇರುವುದರಿಂದ ಅದೇ ಮುಖ್ಯ ಅಂತ ಎಲ್ಲರೂ ನಂಬಿದ್ದೇವೆ. ನಿಜ ಹೇಳಬೇಕೆಂದರೆ, ಚೀಟಿ ನೋಡಿ ಯಾವ ಆಸ್ಪತ್ರೆಯೂ ರಕ್ತ ಹಾಕುವುದಿಲ್ಲ. ಮತ್ತೆ ಪರೀಕ್ಷೆ ಮಾಡಿ, ಹೊಂದಿಸಿ ನೋಡಿಯೇ ಹಾಕುತ್ತಾರೆ. ಅಷ್ಟು ಹೊತ್ತು ಇಲ್ಲದಿದ್ದರೆ ಒ ಗುಂಪಿನ ರಕ್ತ ಕೊಡುತ್ತಾರೆ. ಜಾಗ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ. ಒಂದೇ ಒಂದು ಗುಂಪಿನವರು ತಪ್ಪದೆ ಬರೆಯಬೇಕು: ಬಾಂಬೆ ಗುಂಪಿನವರು. 1952ರಲ್ಲಿ ಮುಂಬೈಯಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಗುಂಪು ಅದು. ಮಾಮೂಲಿ ಪರೀಕ್ಷೆಯಲ್ಲಿ ಒ ಅಂತ ಕಾಣುತ್ತದೆ, ಆದರೆ ಒ ರಕ್ತ ಅವರಿಗೆ ಹೊಂದುವುದಿಲ್ಲ. ಬಾಂಬೆ ರಕ್ತವನ್ನೇ ಹುಡುಕಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಇದನ್ನು ಓದುವ ಬೇರೆಯವರಿಗೂ ಕೆಲವು ಮಾತು. ಡಯಾಲಿಸಿಸ್‌ನಲ್ಲಿರುವವರು ಯಾವ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳ) ಇದೆ, ಆ ಕೈಗೆ ಸೂಜಿ ಬೇಡ, ಬಿ.ಪಿ. ಪಟ್ಟಿ ಬೇಡ ಅಂತ ಬರೆಯಿರಿ. ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬರೆಯಲೇಬೇಕು. ದೊಡ್ಡ ಪೆಟ್ಟು, ದೊಡ್ಡ ಕಾಯಿಲೆಯ ಹೊತ್ತಿನಲ್ಲಿ ಅದು ನಿಂತುಹೋದರೆ ಬಿ.ಪಿ. ಕುಸಿಯುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಕಿದ ದಿನಾಂಕ ಬರೆಯಿರಿ. ಇನ್ನು ಗಂಡಸರು ಲೈಂಗಿಕ ತೊಂದರೆಗೆಂದು ಮನೆಯವರಿಗೂ ಹೇಳದೆ ತೆಗೆದುಕೊಳ್ಳುವ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆ. ಇವುಗಳ ಮೇಲೆ ಎದೆನೋವಿಗೆ ಅಂತ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟರೆ ಬಿ.ಪಿ. ಒಮ್ಮೆಲೇ ಬಿದ್ದುಹೋಗಬಹುದು. ಚೀಟಿಯಲ್ಲಿ ಬರೆಯಲು ಮುಜುಗರ ಆದರೆ, ಎಚ್ಚರ ಇರುವಾಗ ಡಾಕ್ಟರ ಕಿವಿಯಲ್ಲಾದರೂ ಹೇಳಿ. ನಾವು ಯಾರಿಗೂ ಹೇಳುವುದಿಲ್ಲ.

ಚೀಟಿ ಎಲ್ಲಿಡಬೇಕು? ಮೂರು ಪ್ರತಿ ಮಾಡಿ. ಒಂದು ಅಪ್ಪನ ಅಂಗಿ ಜೇಬಿನಲ್ಲಿ ಸದಾ ಇರುವ ಸಾಮಾನಿನ ಜೊತೆ. ಆಧಾರ್ ಕಾರ್ಡೋ, ಹಿರಿಯ ನಾಗರಿಕರ ಬಸ್ ಕಾರ್ಡೋ ಇಡುವ ಪ್ಲಾಸ್ಟಿಕ್ ಕವರ್ ಇರುತ್ತದಲ್ಲ, ಅದರೊಳಗೆ. ಇನ್ನೊಂದು ಮಾತ್ರೆ ಡಬ್ಬಿಯ ಮುಚ್ಚಳದ ಒಳಗಡೆ. ಮೂರನೆಯದು ಪಕ್ಕದ ಮನೆಯವರ ಹತ್ತಿರ, ಕಾಗದದಲ್ಲಿ ಮತ್ತು ಅವರ ಫೋನಿನಲ್ಲಿ ಫೋಟೋ. ಬ್ರಿಟನ್ನಿನಲ್ಲಿ ಲಯನ್ಸ್ ಕ್ಲಬ್‌ನವರು ಇಂಥ ಮಾಹಿತಿಯನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡುವ ಪದ್ಧತಿ ಮಾಡಿದ್ದಾರೆ. ಬಾಗಿಲಿಗೆ ಒಂದು ಹಸಿರು ಗುರುತಿನ ಸ್ಟಿಕ್ಕರ್ ಇರುತ್ತದೆ. ಅಲ್ಲಿನ ಆಂಬುಲೆನ್ಸ್ ಸಿಬ್ಬಂದಿಗೆ ಅದು ಗೊತ್ತು, ಹಾಗಾಗಿ ಹುಡುಕುತ್ತಾರೆ. ನಮ್ಮ 108ರವರು ಬಂದು ಫ್ರಿಜ್ ತೆಗೆದು ನೋಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಮಾತ್ರೆ ಡಬ್ಬಿಯೇ ಸರಿ. ‘ಮಾತ್ರೆ ಡಬ್ಬಿ ತಂದಿದ್ದೀರಾ’ ಅಂತ ಎಲ್ಲ ಆಸ್ಪತ್ರೆಯಲ್ಲೂ ಕೇಳುತ್ತಾರೆ. ಅಪ್ಪ ಮಾತ್ರೆ ಪಟ್ಟಿಯನ್ನು ಕತ್ತರಿಸಿ ಇಡುವವರಾದರೆ ಹೆಸರಿರುವ ತುದಿಯನ್ನು ಕೊನೆಯವರೆಗೂ ಉಳಿಸಲು ಹೇಳಿ. ‘ಬಿಳಿ ಮಾತ್ರೆ, ಸಣ್ಣದು’ ಅಂತ ತೋರಿಸಿದರೆ ನಮಗೂ ಗೊತ್ತಾಗುವುದಿಲ್ಲ.

ಚೀಟಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಚೆನ್ನಾಗಿ ಕಾಣುತ್ತದೆ, ಆದರೆ ಆಮೇಲೆ ಯಾರೂ ತಿದ್ದುವುದಿಲ್ಲ. ನಿಲ್ಲಿಸಿದ ಮಾತ್ರೆ ಇರುವ ಹಳೆಯ ಚೀಟಿ, ಚೀಟಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಇದೇ ನೆಪದಲ್ಲಿ ಇನ್ನೊಂದು: ಅಪ್ಪನ ಕೊನೆಯ ಇ.ಸಿ.ಜಿ.ಯ ಜೆರಾಕ್ಸ್ ಕೂಡ ಡಬ್ಬಿಯಲ್ಲಿರಲಿ. ಹೃದಯದ ಆಪರೇಷನ್ ಆದವರ ಇ.ಸಿ.ಜಿ. ಮೊದಲೇ ಸ್ವಲ್ಪ ಬೇರೆ ಥರ ಇರುತ್ತದೆ. ಹಳೆಯದು ಪಕ್ಕದಲ್ಲಿದ್ದರೆ ಹೊಸ ಬದಲಾವಣೆ ಯಾವುದು ಅಂತ ಥಟ್ಟನೆ ಗೊತ್ತಾಗುತ್ತದೆ. ಜೆರಾಕ್ಸೇ ಆಗಬೇಕು. ಇ.ಸಿ.ಜಿ. ಬರುವುದು ಸಾಮಾನ್ಯವಾಗಿ ಥರ್ಮಲ್ ಕಾಗದದಲ್ಲಿ, ಅದು ದಿನ ಕಳೆದಂತೆ ಮಾಸುತ್ತದೆ. ಅದನ್ನು ಲ್ಯಾಮಿನೇಶನ್‌ಗೆ ಕೊಟ್ಟರೆ ಬಿಸಿಗೆ ಪೂರ್ತಿ ಕಪ್ಪಾಗಿ ಬರುತ್ತದೆ.

ಫೋನಿಗೆ ಬರೋಣ. ಅಪ್ಪನದು ಸ್ಮಾರ್ಟ್‌ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ’ ಅಂತ ಹುಡುಕಿ. ಆಂಡ್ರಾಯ್ಡ್‌ನಲ್ಲಿ ವೈದ್ಯಕೀಯ ಮಾಹಿತಿ ಮತ್ತು ತುರ್ತು ಸಂಪರ್ಕ ತುಂಬುವ ಜಾಗ ಸಿಗುತ್ತದೆ. ಐಫೋನ್‌ನಲ್ಲಿ ಹೆಲ್ತ್ ಆ್ಯಪ್‌ನೊಳಗೆ ‘ಮೆಡಿಕಲ್ ಐಡಿ’ ಇದೆ. ಅಲ್ಲಿ ಲಾಕ್ ಇದ್ದಾಗಲೂ ತೋರಿಸು ಅನ್ನುವ ಗುಂಡಿಯನ್ನು ಆನ್ ಮಾಡುವುದನ್ನು ಮರೆಯಬೇಡಿ. ತುಂಬಿದ ಮೇಲೆ ಫೋನ್ ಲಾಕ್ ಮಾಡಿ, ಎಮರ್ಜೆನ್ಸಿ ಒತ್ತಿ, ಕಾಣುತ್ತದಾ ನೋಡಿ. ಇದನ್ನು ತುಂಬಲು ಹತ್ತು ನಿಮಿಷ ಸಾಕು, ಖರ್ಚಿಲ್ಲ, ಮಾಡಿಬಿಡಿ. ಆದರೆ ಇದನ್ನೇ ನಂಬಿ ಕೂರಬೇಡಿ. ಲಾಕ್ ಆದ ಫೋನಿನಲ್ಲಿ ಇಂಥದ್ದು ಇದೆ ಅಂತ ಗೊತ್ತಿರುವವರು ನಮ್ಮ ಕಡೆ ಕಡಿಮೆ. ಅದಕ್ಕಿಂತ ಹೆಚ್ಚು ಉಪಯೋಗ ಒಂದು ಸರಳ ಕೆಲಸದಿಂದ ಆಗುತ್ತದೆ. ಲಾಕ್ ಪರದೆಯ ಮೇಲೆ ಒಂದು ಸಾಲು ಕಾಣುವಂತೆ ಮಾಡಿ: ‘ತುರ್ತಿಗೆ’ ಅಂತ ಬರೆದು ತಮ್ಮನ ನಂಬರ್. ಫೋನ್ ಕೈಗೆತ್ತಿಕೊಂಡವರಿಗೆ ಹುಡುಕುವ ಕೆಲಸವೇ ಇಲ್ಲ. ಕೀಪ್ಯಾಡ್ ಫೋನ್ ಆದರೆ ಹಿಂದೆ ಒಂದು ಸ್ಟಿಕ್ಕರ್ ಅಂಟಿಸಿ.

ಸಂಪರ್ಕಗಳನ್ನು ಯಾವ ಹೆಸರಲ್ಲಿ ಉಳಿಸಿದ್ದಾರೆ ಅನ್ನುವುದೂ ನೋಡಿ. ‘ಪುಟ್ಟಿ’, ‘ಚಿನ್ನು’ ಅಂತಿದ್ದರೆ ಆಟೋದವರಿಗೆ ಅದು ಮಗಳೋ ಮೊಮ್ಮಗುವೋ ತಿಳಿಯುವುದಿಲ್ಲ. ಇದೇ ತೊಂದರೆಗೆ 2005ರಲ್ಲಿ ಬ್ರಿಟನ್ನಿನ ಬಾಬ್ ಬ್ರಾಚಿ ಎಂಬ ಆಂಬುಲೆನ್ಸ್ ಸಿಬ್ಬಂದಿ ಒಂದು ಉಪಾಯ ಹೇಳಿದರು. ಫೋನಿನಲ್ಲಿ ಮನೆಯವರ ಹೆಸರಿನ ಮುಂದೆ ‘ಐಸಿಇ’ ಅಂತ ಸೇರಿಸಿ ಅಂದರು. ಇಂಗ್ಲಿಷಿನ ‘ಇನ್ ಕೇಸ್ ಆಫ್ ಎಮರ್ಜೆನ್ಸಿ’, ಅಂದರೆ ತುರ್ತು ಸಂದರ್ಭದಲ್ಲಿ ಅನ್ನುವುದರ ಮೊದಲ ಅಕ್ಷರಗಳು. ನಮ್ಮಲ್ಲಿ ‘ಮಗ – ತುರ್ತು’ ಅಂತಿದ್ದರೆ ಇನ್ನೂ ಚೆಂದ.

ಇಲ್ಲೇ ನಿಮ್ಮ ನಂಬರಿನ ಮಾತು. ಚೀಟಿಯಲ್ಲಿ ನಿಮ್ಮ ಐರ್ಲೆಂಡ್ ನಂಬರನ್ನು ಮೊದಲು ಹಾಕಬೇಡಿ. ಪಕ್ಕದ ಮನೆಯವರ ಮಾಮೂಲಿ ರೀಚಾರ್ಜ್‌ನಲ್ಲಿ ವಿದೇಶಕ್ಕೆ ಕರೆ ಹೋಗದೇ ಇರಬಹುದು. ಎರಡು ಸಲ ಒತ್ತಿ ನೋಡಿ, ಹೋಗುತ್ತಿಲ್ಲ ಅಂತ ಬಿಟ್ಟುಬಿಡುತ್ತಾರೆ. ಮೊದಲು ಹದಿನೈದು ನಿಮಿಷದಲ್ಲಿ ಆಸ್ಪತ್ರೆಗೆ ಬರಬಲ್ಲ ಸಾಗರದವರೇ ಒಬ್ಬರು ಇರಲಿ. ಎರಡನೆಯದು ತಮ್ಮ. ನಿಮ್ಮದು ಮೂರನೆಯದು, ‘ವಾಟ್ಸ್ಯಾಪ್ ಕರೆ ಮಾಡಿ’ ಅಂತ ಬರೆದು. ನಿಮ್ಮ ಫೋನಿನಲ್ಲಿ ಈ ಇಬ್ಬರ ಕರೆ ಮಾತ್ರ ಸೈಲೆಂಟ್ ಇದ್ದರೂ ಸದ್ದು ಮಾಡುವಂತೆ ಇಡಬಹುದು. ಐಫೋನ್‌ನಲ್ಲಿ ಆ ಸಂಪರ್ಕ ತೆರೆದು ರಿಂಗ್‌ಟೋನ್ ಜಾಗದಲ್ಲಿ ‘ಎಮರ್ಜೆನ್ಸಿ ಬೈಪಾಸ್’ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಅವರಿಗೆ ನಕ್ಷತ್ರ ಗುರುತು ಹಾಕಿ, ‘ಡು ನಾಟ್ ಡಿಸ್ಟರ್ಬ್’ನಿಂದ ಹೊರಗಿಡಿ. ಇದು ಫೋನ್ ಕರೆಗೆ ಹೊಂದುವ ಏರ್ಪಾಡು. ವಾಟ್ಸ್ಯಾಪ್ ಕರೆಗೂ ಆಗುತ್ತದಾ ಅಂತ ತಮ್ಮನಿಂದ ಒಂದು ರಾತ್ರಿ ಕರೆ ಮಾಡಿಸಿ ನೋಡಿ.

ಆಭಾ ಬಗ್ಗೆ. ಮಾಡಿಸಿ, ಖಂಡಿತ ಮಾಡಿಸಿ. 14 ಅಂಕಿಯ ನಂಬರ್ ಅದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಬಂತು. ಸೇರಿಕೊಂಡ ಆಸ್ಪತ್ರೆಗಳ ರಿಪೋರ್ಟ್‌ಗಳನ್ನು ಒಂದೇ ಕಡೆ ಜೋಡಿಸಲು, ಒ.ಪಿ.ಡಿ. ಸಾಲಿನಲ್ಲಿ ಬೇಗ ಚೀಟಿ ಪಡೆಯಲು ಅದು ಒಳ್ಳೆಯದು. ಆದರೆ ಆ ದಾಖಲೆಗಳನ್ನು ಡಾಕ್ಟರು ನೋಡಬೇಕಾದರೆ ಅಪ್ಪನ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಬೇಕಾದವರೇ ಎಚ್ಚರ ತಪ್ಪಿ ಮಲಗಿದ್ದಾರೆ, ಅವರ ಫೋನ್ ಸಾಗರದ ಮನೆಯ ಟೇಬಲ್ ಮೇಲಿದೆ. ಹಾಗಾಗಿ ಆ ಮೊದಲ ಅರ್ಧ ಗಂಟೆಗೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕ್ಯೂಆರ್ ಕೈಪಟ್ಟಿಯ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಸ್ಕ್ಯಾನ್ ಮಾಡಬೇಕು, ನೆಟ್ ಇರಬೇಕು, ಆ ಕಂಪನಿ ಬಾಗಿಲು ಹಾಕಿರಬಾರದು. ಸಾಗರದಿಂದ ಶಿವಮೊಗ್ಗದ ದಾರಿಯಲ್ಲಿ ಎಲ್ಲೆಲ್ಲಿ ಸಿಗ್ನಲ್ ಹೋಗುತ್ತದೆ ಅಂತ ನಿಮಗೇ ಗೊತ್ತು. ಆದರೆ ಬರಹ ಕೆತ್ತಿದ ಪಟ್ಟಿ ಬೇರೆ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾ. ಮರಿಯನ್ ಕಾಲಿನ್ಸ್ ಅವರ ಮಗಳಿಗೆ 1953ರಲ್ಲಿ ಟೆಟನಸ್ ಇಂಜೆಕ್ಷನ್‌ನ ಪರೀಕ್ಷೆಗೆ ಕೊಟ್ಟ ಒಂದು ಹನಿಯೇ ಜೀವಕ್ಕೆ ಬಂದಿತ್ತು. ಆಮೇಲೆ ಅವಳು ಅಲರ್ಜಿ ಬರೆದ ಪಟ್ಟಿ ಹಾಕಿಕೊಳ್ಳತೊಡಗಿದಳು. 1956ರಲ್ಲಿ ಅವರು ಮೆಡಿಕ್‌ಅಲರ್ಟ್ ಸಂಸ್ಥೆ ಕಟ್ಟಿದ್ದೇ ಇದರಿಂದ. ಅಪ್ಪ ಒಬ್ಬರೇ ವಾಕಿಂಗ್ ಹೋಗುವವರಾದರೆ ಹೆಸರು ಕೆತ್ತುವ ಅಂಗಡಿಯಲ್ಲಿ ಒಂದು ಸ್ಟೀಲ್ ಬಿಲ್ಲೆ ಮಾಡಿಸಿ: ‘ಹಾರ್ಟ್ ವಾಲ್ವ್, ಅಸಿಟ್ರೋಮ್, ಡಯಾಬಿಟಿಸ್’, ಕೆಳಗೆ ಒಂದು ನಂಬರ್. ವಾಚಿನ ಪಟ್ಟಿಗೆ ಹಾಕಿಸಿದರೆ ಎಡಗೈ ನಾಡಿ ಹಿಡಿಯುವವರ ಕಣ್ಣಿಗೆ ಬೀಳುತ್ತದೆ. ತಾಯಿತದ ಪಕ್ಕ ಅದೇ ದಾರದಲ್ಲಿ ಕಟ್ಟಿದರೆ ಅದೂ ತಾಯಿತ ಅಂದುಕೊಂಡು ಯಾರೂ ಓದುವುದಿಲ್ಲ.

ಅಪ್ಪನ ಸಂಕೋಚ ನ್ಯಾಯವಾದದ್ದೇ. ಅವರ ಕಾಯಿಲೆ ಅವರದ್ದು, ಬಂದವರೆಲ್ಲ ಓದಬೇಕಾಗಿಲ್ಲ. ಗೋಡೆಯ ಮೇಲೆ ಕಾಯಿಲೆ ಬೇಡ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಪಕ್ಕ ಫೋನ್ ನಂಬರ್‌ಗಳು, 108, ಜೊತೆಗೆ ಮನೆಯ ಪೂರ್ತಿ ವಿಳಾಸ, ಹತ್ತಿರದ ಗುರುತು ಇಷ್ಟೇ ಇರಲಿ. 108ಕ್ಕೆ ಕರೆ ಮಾಡಿದಾಗ ಆ ಕಡೆ ಮಾತಾಡುವವರು ನಿಮ್ಮ ಊರಿನವರಲ್ಲ. ಜಿಲ್ಲೆ, ತಾಲ್ಲೂಕು, ಬೀದಿ ಎಲ್ಲ ಹೇಳಬೇಕು. ಗಾಬರಿಯಲ್ಲಿ ಪಕ್ಕದ ಮನೆಯ ಹುಡುಗನಿಗೆ ನಿಮ್ಮ ಮನೆ ನಂಬರ್ ನೆನಪಾಗುವುದಿಲ್ಲ. ಕಾಯಿಲೆ ವಿವರ ಜೇಬಿನಲ್ಲಿ, ಡಬ್ಬಿಯಲ್ಲಿ ಮಡಚಿಟ್ಟಿರಲಿ. ಹೊರಗೆ ‘ಆಸ್ಪತ್ರೆಗೆ ಹೋಗುವಾಗ ತೆಗೆಯಿರಿ’ ಅಂತ ಬರೆದರೆ ಸಾಕು. ಆಧಾರ್ ನಂಬರ್, ಬ್ಯಾಂಕ್ ವಿವರ ಚೀಟಿಯಲ್ಲಿ ಖಂಡಿತ ಬೇಡ. ಹೇಳಿಕೊಳ್ಳಲು ಕಷ್ಟವಾದ ಕಾಯಿಲೆ ಇರುವವರು, ಮನೋರೋಗದ ಔಷಧಿಯೋ ಎಚ್.ಐ.ವಿ. ಔಷಧಿಯೋ ಇರಲಿ, ಕಾಯಿಲೆಯ ಹೆಸರು ಬಿಟ್ಟು ಔಷಧಿಯ ಹೆಸರು ಮಾತ್ರ ಬರೆಯಬಹುದು. ಡಾಕ್ಟರಿಗೆ ಅಷ್ಟು ಸಾಕು.

ಇನ್ನು ಬಾಗಿಲು ಒಡೆದರು ಅಂದಿರಲ್ಲ. ಅದು ಚೀಟಿಗಿಂತ ಮೊದಲು ಆಗಬೇಕಾದ ಕೆಲಸ. ಬಚ್ಚಲಿನ ಒಳಚಿಲಕ ತೆಗೆಸಿ, ಹೊರಗಿನಿಂದಲೂ ನಾಣ್ಯ ಹಾಕಿ ತಿರುಗಿಸಬಹುದಾದ ಬೀಗ ಹಾಕಿಸಿ. ಬಾಗಿಲು ಹೊರಗೆ ತೆರೆಯುವಂತಿದ್ದರೆ ಇನ್ನೂ ಒಳ್ಳೆಯದು. ಬಿದ್ದವರ ಮೈ ಬಾಗಿಲಿಗೆ ಅಡ್ಡ ಸಿಕ್ಕಿದರೆ ಒಳಗೆ ತಳ್ಳಲಾಗುವುದಿಲ್ಲ. ಮುಂಬಾಗಿಲಿನ ಒಂದು ಕೀ ಪಕ್ಕದ ಮನೆಯಲ್ಲಿರಲಿ. ಅಪ್ಪ ಒಬ್ಬರೇ ಇರುವ ದಿನ ಒಳಗಿನಿಂದ ಅಗುಳಿ ಹಾಕಬಾರದು, ಇಲ್ಲದಿದ್ದರೆ ಕೀ ಇದ್ದೂ ಪ್ರಯೋಜನ ಇಲ್ಲ.

ಪಕ್ಕದ ಮನೆಯವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸಬೇಡಿ. ನಿಮ್ಮ ತಮ್ಮ ಊರಿಗೆ ಹೋದಾಗ ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ‘ಅಪ್ಪ ಬಿದ್ದಿದ್ದಾರೆ ಅಂದುಕೊಳ್ಳಿ, ಚೀಟಿ ತೆಗೆಯಿರಿ’ ಅಂತ ಹೇಳಲಿ. ಎಲ್ಲಿ ಹುಡುಕುತ್ತಾರೆ ನೋಡಲಿ. ಅವರ ಕೈ ಮೊದಲು ಹೋಗುವ ಜಾಗ ಬೇರೆ ಇದ್ದರೆ ಚೀಟಿಯನ್ನೇ ಅಲ್ಲಿಗೆ ಸರಿಸಿ. ಜೊತೆಗೆ ಇಷ್ಟು ಹೇಳಲಿ: ಕೊನೆಯ ಬಾರಿ ಅಪ್ಪ ಸರಿಯಾಗಿದ್ದುದನ್ನು ನೋಡಿದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಿ. ಪಾರ್ಶ್ವವಾಯುವಿನಲ್ಲಿ ಆ ನಾಲ್ಕೂವರೆ ಗಂಟೆಯನ್ನು ಎಣಿಸುವುದು ಅಲ್ಲಿಂದಲೇ. ಯಾರೂ ಹೇಳದಿದ್ದರೆ ರಾತ್ರಿ ಮಲಗಿದ ಹೊತ್ತಿನಿಂದ ಎಣಿಸಬೇಕಾಗುತ್ತದೆ.

ತಿದ್ದುವ ಕೆಲಸವನ್ನು ಅಮ್ಮನಿಗೆ ವಹಿಸಿ. ಅಪ್ಪನ ಐ.ಎನ್.ಆರ್. ಪರೀಕ್ಷೆಗೆ ಹೋದ ದಿನವೇ ಎರಡೂ ಚೀಟಿ ತೆಗೆದು ನೋಡಲಿ. ಏನೂ ಬದಲಾಗದಿದ್ದರೂ ದಿನಾಂಕ ಹೊಸದಾಗಿ ಹಾಕಲಿ. ಬದಲಾಗಿದ್ದರೆ ಹಳೆಯ ಪ್ರತಿಗಳನ್ನೆಲ್ಲ ಹರಿದುಹಾಕಿ, ಪಕ್ಕದ ಮನೆಯವರಿಗೂ ಹೊಸ ಫೋಟೋ ಕಳಿಸಲಿ. ಅಮ್ಮನ ಚೀಟಿಯಲ್ಲಿ ಸಲ್ಫಾ ಜೊತೆ ಇನ್ಹೇಲರ್‌ನ ಹೆಸರು, ಅಸ್ತಮಾ ಜಾಸ್ತಿಯಾಗಿ ಯಾವಾಗಲಾದರೂ ಐ.ಸಿ.ಯು. ಸೇರಿದ್ದರೆ ಆ ವರ್ಷ, ನೋವಿನ ಮಾತ್ರೆಯಿಂದ ಉಬ್ಬಸ ಬಂದದ್ದಿದ್ದರೆ ಅದೂ ಇರಲಿ. ಮದುವೆಗೆ ಹೋಗುವಾಗ ಅವರ ಪರ್ಸಿನಲ್ಲೂ ಒಂದು ಪ್ರತಿ ಬೇಕು.